ಒಂದೇ ಹೆಸರು, ಎರಡು ಕೋಣೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಕೆಮ್ಮು ಹೇಗಿದೆ? ಹಾಸ್ಟೆಲಿನ ತಣ್ಣೀರಿನಲ್ಲಿ ತಲೆಸ್ನಾನ ಮಾಡಬೇಡ ಅಂದರೆ ಕೇಳುವವಳಲ್ಲ ನೀನು. ಇಲ್ಲಿ ನಿಮ್ಮಪ್ಪ ಆರೋಗ್ಯವಾಗಿದ್ದಾರೆ, ಮುಖ ಮಾತ್ರ ಊದಿಸಿಕೊಂಡಿದ್ದಾರೆ. ರಜೆಗೆ ಬರುವುದಿಲ್ಲ ಎಂದು ನೀನು ಬರೆದಾಗಿನಿಂದ ಹಾಗೇ. ಕಳೆದ ಸಲ ನೀನು ಬಂದಿದ್ದಾಗ ಊಟದ ಹೊತ್ತಿನಲ್ಲಿ ಅವರು, "ನಮ್ಮ ಮದುವೆಯಾಗಿ ವರ್ಷವಾಯ್ತು, ಇನ್ನಾದ್ರೂ ಇವಳನ್ನ ಅಮ್ಮ ಅನ್ನು" ಎಂದರಲ್ಲ, ನೀನು ತಟ್ಟೆ ಬಿಟ್ಟು ಎದ್ದೆ. ನನಗೆ ಸಂಕಟವಾದದ್ದು ನಿಜ, ಸುಳ್ಳು ಯಾಕೆ ಹೇಳಲಿ? ತೀರಿಹೋದ ನಿಮ್ಮಮ್ಮನ ಜಾಗಕ್ಕೆ ನಾನು ಆಸೆಪಟ್ಟವಳಲ್ಲ. ಆದರೂ ನೀನು ಯಾಕೆ ಎದ್ದೆ ಎಂದು ಸರಿಯಾಗಿ ತಿಳಿದದ್ದು ಮೊನ್ನೆ, ಅದೂ ಬೇಕರಿಯಿಂದಾಗಿ.

ನಮ್ಮ ಬೇಕರಿಯ ಓವನ್‌ಗಳನ್ನು ನಡೆಸುವ, ನಾನು ನೋಡಿಕೊಳ್ಳುವ ಪ್ರೋಗ್ರಾಂ ಲಿಸ್ಪ್ ಜಾತಿಯ ಕಂಪ್ಯೂಟರ್ ಭಾಷೆಯಲ್ಲಿದೆ. ಎಲ್ಲಿ ನೋಡಿದರೂ ಬರೀ ಕಂಸ, ಒಂದು ಮುಚ್ಚಲು ಮರೆತರೆ ಇಡೀ ದಿನ ಹಾಳು. ಅದರಲ್ಲಿ 'ಬಿಸಿ' ಎಂಬ ಹೆಸರಿತ್ತು. ಓವನ್ ಎಷ್ಟು ಕಾಯಬೇಕೆಂಬ ಅಂಕಿ ಅದರಲ್ಲಿ. ಹಿಟ್ಟು ಉಬ್ಬಲು ಇಡುವ ಕೋಣೆಗೂ ಅಂಥದೊಂದು ಅಂಕಿ ಬೇಕಾಯಿತು, ಅಲ್ಲಿಗೆ ಬರೀ ಬೆಚ್ಚಗಿದ್ದರೆ ಸಾಕು. ನಾನು ಮಹಾ ಜಾಣೆ, ಅದಕ್ಕೂ 'ಬಿಸಿ' ಎಂದೇ ಹೆಸರಿಟ್ಟೆ. ಯಂತ್ರ ಕಮಕ್ ಕಿಮಕ್ ಎನ್ನದೆ ಹಳೆಯ ಅಂಕಿಯನ್ನು ಎಸೆದು ಹೊಸದನ್ನು ಇಟ್ಟುಕೊಂಡಿತು. ಬೆಳಿಗ್ಗೆ ಓವನ್ನಿನಿಂದ ಹೊರಬಂದದ್ದು ಬ್ರೆಡ್ಡಲ್ಲ, ಬೆಚ್ಚಗಿನ ಹಸಿ ಹಿಟ್ಟು. ಎಲ್ಲರೂ ನನ್ನನ್ನು ನೋಡಿದ ನೋಟಕ್ಕೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಪಕ್ಕದ ಮೇಜಿನ ಹಿರಿಯರು ಮಾತ್ರ ಬೈಯಲಿಲ್ಲ. ಸಿಂಬಲ್ ಅಂದರೆ ಬರೀ ಹೆಸರು, ಅದರಲ್ಲಿ ಏನಿಟ್ಟಿದ್ದೀವಿ ಅನ್ನೋದು ಬೇರೆ ವಿಷಯ ಎಂದರು. ಪ್ರೋಗ್ರಾಂ ಒಳಗೂ ಕೋಣೆಗಳಿರುತ್ತವಂತೆ, ಒಂದು ಕೋಣೆಯಲ್ಲಿ ಒಂದು ಹೆಸರಿಗೆ ಒಂದೇ ಅಂಕಿ. ಹೊಸದು ಬಂದರೆ ಹಳೆಯದು ಹೋಯಿತು. ಅದಕ್ಕೇ ಹೆಸರುಗಳಿಗೆ ಬೇರೆ ಬೇರೆ ಕೋಣೆ ಮಾಡುತ್ತಾರಂತೆ, ನೇಮ್‌ಸ್ಪೇಸ್ ಅನ್ನುವುದು ಅದನ್ನೇ. ಓವನ್ ಕೋಣೆಯ 'ಬಿಸಿ' ಬೇರೆ, ಹಿಟ್ಟಿನ ಕೋಣೆಯ 'ಬಿಸಿ' ಬೇರೆ. ಅಕ್ಷರ ಒಂದೇ ಆದರೂ ಒಂದು ಇನ್ನೊಂದರ ತಂಟೆಗೆ ಹೋಗುವುದಿಲ್ಲ. ಮಧ್ಯಾಹ್ನದೊಳಗೆ ಹಾಗೆ ಸರಿಮಾಡಿದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಅಳು ಬಂತು ಕಣೇ. ನನ್ನನ್ನು ಅಮ್ಮ ಅಂದುಬಿಟ್ಟರೆ ನಿಮ್ಮಮ್ಮ ಅಳಿಸಿಹೋಗುತ್ತಾರೆ ಎಂದು ಹೆದರಿದ್ದೆ ನೀನು, ಅಲ್ಲವಾ?

ನಿಮ್ಮಪ್ಪನಿಗೂ ಹೇಳಿದೆ, ಅವಳ ಬಾಯಿಗೆ ಹೆಸರು ತುರುಕಬೇಡಿ ಎಂದು. ಕಂಸದ ಪುರಾಣ ಅವರ ತಲೆಗೆ ಹೋಗಲಿಲ್ಲ, ಹಸಿ ಹಿಟ್ಟಿನ ಕಥೆಗೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, "ನಾನೇ ಅವಸರ ಮಾಡಿದೆ" ಅಂದರು. ನನ್ನನ್ನು ಆಂಟಿ ಅನ್ನು, ಬೇಕರಿಯವಳು ಅನ್ನು, ಬೇಡವಾದರೆ ಏನೂ ಅನ್ನಬೇಡ. ರಜೆಗೆ ಮಾತ್ರ ಬಾ. ನೀನಿಲ್ಲದೆ ಮನೆ ಬಿಕೋ ಅನ್ನುತ್ತಿದೆ.

ಹೊಟ್ಟೆ ತುಂಬ ತಿನ್ನು, ಒಳ್ಳೆಯದಾಗಲಿ ನಿನಗೆ.

ನೀನು ಇನ್ನೂ ಏನೆಂದೂ ಕರೆಯದ,
ನಾನು

ಹೇಳಲು ಮರೆತೆ: ನಿಮ್ಮಮ್ಮನ ಫೋನ್ ನಂಬರು ಇನ್ನೇಕೆ ಎಂದು ನಿಮ್ಮಪ್ಪ ಈ ತಿಂಗಳು ಅದನ್ನು ಬಿಟ್ಟುಬಿಡಲು ಹೊರಟಿದ್ದರು. ನಾನು ಬಿಡಲಿಲ್ಲ, ರೀಚಾರ್ಜ್ ಮಾಡಿಸಿದ್ದೇನೆ. ನೀನು ಆಗಾಗ ಆ ನಂಬರಿಗೆ ಕರೆ ಮಾಡುವುದು ನನಗೆ ಗೊತ್ತು, ಬೀರುವಿನೊಳಗೆ ರಿಂಗ್ ಆಗುತ್ತದೆ. ಎತ್ತುವುದಿಲ್ಲ, ಹೆದರಬೇಡ. ಚಾರ್ಜ್ ಮಾತ್ರ ತಪ್ಪದೆ ಹಾಕಿಡುತ್ತೇನೆ.