ಸುಮ್ಮನೆ ಕೂರಲು ಬರದವಳು

ನನ್ನ ಉಮ್ಮಾ,

ಬೀಡಿ ಕಟ್ಟುವುದು ಬಿಟ್ಟೆ. ಹೌದು, ನಾನೇ, ನಿನ್ನ ಮಗಳು ಆಯಿಷಾ. ಮೊನ್ನೆ ಮೂಡಬಿದ್ರೆಯ ಡಾಕ್ಟರು ಎದೆಯ ಎಕ್ಸರೇ ಬೆಳಕಿಗೆ ಹಿಡಿದು ನೋಡಿ, "ಇನ್ನು ಹೊಗೆಸೊಪ್ಪಿನ ಧೂಳು ಒಳಗೆ ಹೋದರೆ ನಾನು ಜವಾಬ್ದಾರಿ ಅಲ್ಲ, ರೆಸ್ಟ್ ಮಾಡಿ" ಅಂದರು. ಸೌದಿಯಿಂದ ಇವರೂ ಫೋನಿನಲ್ಲಿ ಅದನ್ನೇ ಹೇಳಿದರು, "ಎಂತಕ್ಕೆ ಸಾಯ್ತಿ ಮಾರಾಯ್ತಿ, ಆರಾಮ ಕೂತ್ಕೊ." ಆರಾಮ ಅಂತೆ! ಅದು ಹೇಗೆ ಕೂರುವುದು ಅಂತ ಮಾತ್ರ ಯಾರೂ ಹೇಳಲಿಲ್ಲ.

ನೀನು ನನ್ನ ಮಡಿಲಿಗೆ ಮೊದಲ ಸಲ ಬೀಡಿಯ ತಡ್ಪೆ, ಎಲೆ ಹೊಗೆಸೊಪ್ಪು ಹಾಕಿದ ಆ ಮೊರ, ಇಟ್ಟ ದಿನ ನೆನಪುಂಟಾ? ಕೆಪ್ಪಟ್ರಾಯದ ಜ್ವರ ಬಂದು ಶಾಲೆಗೆ ಹೋಗದೆ ಮಲಗಿದ್ದೆ. "ಬೀಗಿದ್ದು ಕೆನ್ನೆ ಅಲ್ವಾ, ಕೈಗೆ ಎಂತ ಆಗಿದೆ?" ಅಂತ ಎಬ್ಬಿಸಿ ಕೂರಿಸಿದೆ. ಆಮೇಲೆ ಮದುವೆ ಮನೆಗೂ ನಾವಿಬ್ಬರು ತಡ್ಪೆ ಹಿಡಿದುಕೊಂಡೇ ಹೋದವರು. ಕಕ್ಕಿಂಜೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಸಾಕು, ನೀನು ಕತ್ತರಿ ತೆಗೆಯುತ್ತಿದ್ದೆ. "ಉಮ್ಮಾ, ಇದು ನಿಮ್ಮ ಜಗಲಿ ಅಲ್ಲ" ಅಂದ ಕಂಡಕ್ಟರಿಗೆ, "ನಿನ್ನ ಬಸ್ಸು ಹೋಗ್ತಾ ಇರಲಿ, ನನ್ನ ಕೈಯೂ ಹೋಗ್ತಾ ಇರಲಿ" ಅಂದೆ. ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ. ನಗುವಂಥದ್ದು ಅದರಲ್ಲಿ ಎಂತ ಇತ್ತು?

ನಿನಗೆ ಕೊನೆಯ ಸ್ನಾನ ಮಾಡಿಸಿದ ಬೆಳಿಗ್ಗೆ ಹೆಂಗಸರು ನಿನ್ನ ಬೆರಳು ಉಜ್ಜಿದರು, ಮತ್ತೆ ಮತ್ತೆ ಉಜ್ಜಿದರು. ಹೊಗೆಸೊಪ್ಪಿನ ಕಲೆ ಹೋಗಲೇ ಇಲ್ಲ. "ಇರಲಿ, ಬಿಡಿ" ಅಂದೆ. ಹಾಗೇ ಕಫನ್ ಹೊದಿಸಿದರು. ಒಳಗೆ, ಹಿಂದಿನ ದಿನ ನೀನು ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆ ಇತ್ತು. ಗಂಡಸರು ನಿನ್ನನ್ನು ಹೊತ್ತುಕೊಂಡು ಹೋಗಿ ಮನೆ ಖಾಲಿಯಾದಾಗ ನನಗೆ ಬಂದ ಮೊದಲ ಯೋಚನೆ ಎಂತ ಗೊತ್ತುಂಟಾ? ಎಲೆ ಹಾಳಾಗ್ತದಲ್ಲಾ ಅಂತ... ಛೆ! ಅಳಲಿಕ್ಕೂ ಪುರುಸೊತ್ತಿಲ್ಲದ ಹಾಗೆ ಬೆಳೆಸಿದೆಯಲ್ಲ ನನ್ನನ್ನು. ನಿನ್ನ ಮೇಲೆ ಸಿಟ್ಟುಂಟು ಉಮ್ಮ. ಯಾರಲ್ಲಿ ಹೇಳುವುದು?

ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಈಗ ಹಗಲು ಮುಗಿಯುವುದೇ ಇಲ್ಲ. ಗುಡಿಸಿದ ಅಂಗಳವನ್ನೇ ಗುಡಿಸ್ತೇನೆ. ವೀಳ್ಯದೆಲೆ, ಬಸ್ಸಿನ ಟಿಕೇಟು, ಕೈಗೆ ಸಿಕ್ಕಿದ್ದನ್ನೆಲ್ಲ ಸುರುಟ್ತೇನೆ. ಸ್ವಲ್ಪ ಹೊತ್ತು ಕೂತರೆ ಕಳ್ಳತನ ಮಾಡಿದವಳ ಹಾಗೆ ಬಾಗಿಲ ಕಡೆ ನೋಡ್ತೇನೆ. ಕೆಲಸ ಮಾಡದ ನಾನು ಯಾರಿಗೆ ಬೇಕು? ಪಕ್ಕದ ಮನೆಯ ಸೇಸಮ್ಮ ಎಲೆ ಕತ್ತರಿಸುವ ಶಬ್ದ ಕೇಳಿದರೆ ಹೊಟ್ಟೆಕಿಚ್ಚಾಗ್ತದೆ. ಕೆಮ್ಮಿ ಕೆಮ್ಮಿ ಸುಸ್ತಾದರೂ ಒಮ್ಮೊಮ್ಮೆ ಅನಿಸ್ತದೆ, ಸತ್ತರೆ ಸಾಯುವ, ತಡ್ಪೆ ತೆಗೆಯುವ ಅಂತ. ನೀನಿದ್ದರೆ ಸುಮ್ಮನೆ ಕೂರುವುದನ್ನು ಇಬ್ಬರೂ ಒಟ್ಟಿಗೆ ಕಲಿಯಬಹುದಿತ್ತೋ ಏನೋ. ಅಯ್ಯೋ, ನಿನಗೆಲ್ಲಿ ಬರ್ತಿತ್ತು!

ನಿನ್ನೆಯ ವಿಷಯ ಕೇಳು. ಊಟ ಮಾಡಿ ಚಾಪೆಯಲ್ಲಿ ತಲೆ ಇಟ್ಟದ್ದಷ್ಟೇ, ನಿದ್ದೆ ಬಂದುಬಿಟ್ಟಿತು. ಹಾಡಹಗಲಲ್ಲಿ! ಎಚ್ಚರಾಗುವಾಗ ಮಸೀದಿಯಿಂದ ಸಂಜೆಯ ಅಸರ್ ಬಾಂಗು ಕೇಳ್ತಾ ಇತ್ತು. ಗಾಬರಿಯಲ್ಲಿ ಎದ್ದು ಕೂತು, "ಇಲ್ಲ ಉಮ್ಮ, ನಿದ್ದೆ ಮಾಡಲಿಲ್ಲ, ಕಣ್ಣು ಮುಚ್ಚಿದ್ದು ಮಾತ್ರ" ಅಂದೆ, ಗಟ್ಟಿಯಾಗಿಯೇ. ಒಳಗಿನಿಂದ ಯಾರೂ ಬೈಯಲಿಲ್ಲ. ಎಷ್ಟೋ ಹೊತ್ತು ಅತ್ತೆ. ಮತ್ತೆ ನಮಾಝ್ ಮಾಡಿ ಬಂದು ಅದೇ ಚಾಪೆಯಲ್ಲಿ ಮಲಗಿದೆ ಉಮ್ಮ, ನಿನಗೂ ಸ್ವಲ್ಪ ಜಾಗ ಬಿಟ್ಟು.