ಮೂರು ವಾರ ಗೋಡೆ ಕೊರೆಯಬೇಡಿ

ಮೇಲಿನ ಮನೆಯ ಅಮ್ಮನವರಿಗೆ ನಮಸ್ಕಾರ.

ನಿಮ್ಮ ಅಡುಗೆಮನೆಯ ಗೋಡೆ ಕೊರೆಯುವ ಕೆಲಸವನ್ನು ದಯವಿಟ್ಟು ಮೂರು ವಾರ ಮುಂದೂಡಿ.

ನನ್ನ ಹೆಂಡತಿಗೆ ಏಳನೇ ತಿಂಗಳು. ಹಿಂದೆ ಎರಡು ಸಲ ಕಳೆದುಕೊಂಡಿದ್ದೇವೆ. ಮೂರು ವಾರ ಹಾಸಿಗೆ ಬಿಟ್ಟು ಏಳಬಾರದು, ಅದು ದಾಟಿದರೆ ಭಯವಿಲ್ಲ ಎಂದಿದ್ದಾರೆ ಡಾಕ್ಟರು.

ಹೊತ್ತು ಹೋಗಲೆಂದು ಮಂಚದ ಪಕ್ಕದಲ್ಲೇ ಅಕ್ವೇರಿಯಂ ಇಟ್ಟಿದ್ದೇನೆ. ಅದರಲ್ಲಿರುವ ಎರಡು ಸಿಕ್ಲಿಡ್ ಮೀನುಗಳೂ ಗಂಡು ಎಂದು ಅಂಗಡಿಯವನು ಹೇಳಿದ್ದ, ನಾನು ನಂಬಿದ್ದೆ. ಮೊನ್ನೆ ಅವಳೇ ಪತ್ತೆ ಹಚ್ಚಿದಳು: "ರೀ, ನೀವೂ ಅವನೂ ಕಣ್ಣಿದ್ದೂ ಕುರುಡ್ರು. ಕೆಳಗಿನ ರೆಕ್ಕೇಲಿ ಹಳದಿ ಚುಕ್ಕೆ ಇರೋದು ಒಂದಕ್ಕೇ. ಇನ್ನೊಂದು ಹೆಣ್ಣು. ಬಾಯಿ ತುಂಬ ಮೊಟ್ಟೆ ಇಟ್ಕೊಂಡಿದೆ, ನೋಡಿ!"

ಈ ಜಾತಿಯ ತಾಯಿ ಸುಮಾರು ಮೂರು ವಾರ ಏನೂ ತಿನ್ನದೆ ಮೊಟ್ಟೆಗಳನ್ನು ಬಾಯಲ್ಲೇ ಕಾಯುತ್ತದೆ. ಬೆದರಿದರೆ ನುಂಗಿಬಿಡುತ್ತದೆ. "ಅದು ಉಳಿಸ್ಕೊಂಡ್ರೆ ನಾನೂ ಉಳಿಸ್ಕೊಳ್ತೀನಿ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ನಿನ್ನೆ ನಿಮ್ಮ ಕೆಲಸದವರು ಡ್ರಿಲ್ ಹಾಕಿದಾಗ ಅಕ್ವೇರಿಯಂ ನೀರು ನಡುಗಿತು. ಒಂದು ಕೈಯನ್ನು ಗಾಜಿನ ಮೇಲೆ, ಇನ್ನೊಂದನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಸದ್ದು ನಿಲ್ಲುವವರೆಗೂ ಅವಳು ಉಸಿರು ಬಿಗಿಹಿಡಿದಿದ್ದಳು.

ಇಂದು ಬೆಳಿಗ್ಗೆ ಅವಳಿಗೆ ಎಚ್ಚರವಾಗುವ ಮುಂಚೆ ಮೀನುಗಳಿಗೆ ತಿಂಡಿ ಹಾಕಿದೆ. ಹೆಣ್ಣು ಮೀನು ಮೇಲೆ ಬಂದು ತಿಂದಿತು. ಮೊಟ್ಟೆಗಳಿಂದ ಉಬ್ಬಿದ್ದ ಅದರ ಗಂಟಲು ಚಪ್ಪಟೆಯಾಗಿದೆ.

ಮೀನಿಗೆ ಕತ್ತಲೆ ಬೇಕೆಂದು ಹೇಳಿ ಅಕ್ವೇರಿಯಂ ಮೇಲೆ ಹೊದಿಕೆ ಹಾಕಿದ್ದೇನೆ. ಅವಳು ನಂಬಿದ್ದಾಳೆ. ಮತ್ತೆ ಡ್ರಿಲ್ ಸದ್ದು ಕೇಳಿದರೆ ಕೈಚಾಚಿ ಹೊದಿಕೆ ಸರಿಸಿ ನೋಡುತ್ತಾಳೆ.

ಉತ್ತರ ಹೇಳಲು ಕೆಳಗೆ ಬರಬೇಡಿ. ಸಂಜೆ ನಾನೇ ಮೇಲೆ ಬರುತ್ತೇನೆ.

ಇತಿ,
ನಿಮ್ಮ ಕೆಳಗಿನ ಮನೆಯ ಬಾಡಿಗೆದಾರ