ಕಿತ್ತಳೆ ಬಣ್ಣದ ಎರಡನೆಯ ಪರೀಕ್ಷೆ

ದಹಿಸರ್ ಪೂರ್ವ
೯ ಫೆಬ್ರವರಿ ೨೦೨೫, ಭಾನುವಾರ

ದೇವಾನಂದ ಅವರಿಗೆ,

ನಮಸ್ಕಾರ. ಗಂಡನ ಹೆಸರನ್ನು ಹೀಗೆ ಕಾಗದದ ತಲೆಯ ಮೇಲೆ ಬರೆದದ್ದು ಕಂಡರೆ ನಿಮ್ಮ ಅಮ್ಮ ವಾರಗಟ್ಟಲೆ ನನ್ನೊಡನೆ ಮಾತು ಬಿಡುತ್ತಿದ್ದರು. ಆದರೆ ‘ಇವರಿಗೆ’ ಎಂದು ಬರೆದರೆ ಯಾರಿಗೆ ಎಂದು ಸೇವಂತಿಯೇ ಕೇಳಿಯಾಳು. ನಿಮ್ಮ ತಂಗಿ ಇದನ್ನು ಕೈಯಲ್ಲೇ ತಂದು ಕೊಡುತ್ತಾಳೆ. ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಾದರೆ ನೀವು ಮಾತಾಡುತ್ತೀರಿ, ನಾನು ಕೇಳುತ್ತೇನೆ. ಒಮ್ಮೆ ಅದು ತಿರುಗುಮುರುಗಾಗಲಿ. ಕೆಲಸ ಮುಗಿಸಿ ರಾತ್ರಿ ಶಾಲೆಯಲ್ಲಿ ಕಲಿತ ಕನ್ನಡ ನಿಮಗಿನ್ನೂ ಮರೆತಿಲ್ಲ ಎಂದುಕೊಂಡಿದ್ದೇನೆ.

ನಿನ್ನೆ ನಮ್ಮ ಪ್ರಯೋಗಾಲಯದಿಂದ ನಿಮಗೆ ಮೇಲ್ ಬಂದಿರಬೇಕು. ಅದರಲ್ಲಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಿತ್ತಳೆ ಬಣ್ಣದ ಪುಡಿ ಎರಡನೆಯ ಪರೀಕ್ಷೆಯಲ್ಲಿ ಫೇಲಾಗಿದೆ. ಆ ವರದಿ ತೋರಿಸಿದರೆ ಕ್ರೇಯಾನ್ ಕಂಪನಿಯ ಆರ್ಡರು ಹೋದ ಹಾಗೆಯೇ. ನೀವು ಕಾರ್ಖಾನೆಯ ಗಾಲಾದಲ್ಲೇ ಮಲಗತೊಡಗಿದ ಮೇಲೆ ನಾನು ಅಣ್ಣನ ಮನೆಗೆ ಬಂದೆ. ಜಗಳವೂ ಮುಗಿಯಲಿಲ್ಲ, ರಾಜಿಯೂ ಆಗಲಿಲ್ಲ. ಆರ್ಡರು ಸಿಕ್ಕಿದರೆ ಸಾಂತಾಕ್ರೂಜ್‌ನಲ್ಲಿ ಮನೆ ಹಿಡಿಯುವುದು, ನಾನು ವಾಪಸು ಬರುವುದು ಎಂದು ದೀಪಾವಳಿಯಲ್ಲಿ ಮಾತಾಗಿತ್ತಲ್ಲ, ಅದೂ ಜೊತೆಗೇ ಹೋಗುತ್ತದೆ. ಇದನ್ನು ಓದುವಾಗ ನಿಮ್ಮ ತಲೆಗೆ ಮೊದಲು ಬರುವ ಮಾತು ನನಗೆ ಗೊತ್ತು: ಇವಳು ಸೇಡು ತೀರಿಸಿಕೊಂಡಳು. ಅಲ್ಲ ಎಂದು ನೀವು ನಂಬಬೇಕು. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಸ್ಯಾಂಪಲ್ಲಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಆಫೀಸಿನವರು ಬರೀ ನಂಬರು ಅಂಟಿಸಿ ಒಳಗೆ ಕಳಿಸುತ್ತಾರೆ. ಯಾರ ಮಾಲೆಂದು ಪರೀಕ್ಷೆ ಮಾಡುವವರಿಗೆ ತಿಳಿಯಬಾರದು. ಡಬ್ಬಿಯ ಮುಚ್ಚಳ ತೆಗೆದೆ. ಒಳಗೊಂದು ಪ್ಲಾಸ್ಟಿಕ್ ಚೀಲ. ಅದರ ಬಾಯಿಗೆ ಬಿಳಿ ನೂಲನ್ನು ಸುತ್ತಿ ಸುತ್ತಿ, ಗಂಟು ಹಾಕದೆ, ತುದಿಯನ್ನು ಒಳಗೆ ತೂರಿಸಿ ಬಿಗಿದಿತ್ತು. ಬಣ್ಣದ ಪುಡಿಯನ್ನು ಸಾಂಬಾರಿನ ಪಾರ್ಸೆಲ್ ಹಾಗೆ ಕಟ್ಟುವ ಮನುಷ್ಯರು ಇಡೀ ಮುಂಬೈಯಲ್ಲಿ ಒಬ್ಬರೇ. ಪಾರ್ಸೆಲ್ ಕೌಂಟರ್ ಬಿಟ್ಟು ಕುರ್ಲಾದಲ್ಲಿ ಕಾರ್ಖಾನೆ ಹಾಕಿದರೂ ನಿಮ್ಮ ಕೈ ಇನ್ನೂ ಹೋಟೆಲು ಬಿಟ್ಟಿಲ್ಲ. ನಗು ಬಂತು. ಸೇವಂತಿಯನ್ನು ಕೇಳಿದೆ. “ಹೌದು ಅತ್ತಿಗೆ, ಅಣ್ಣ ಬೇಕೂಂತಲೇ ನಿಮ್ಮಲ್ಲಿಗೆ ಕೊಟ್ಟದ್ದು. ನಮ್ಮವರು ಒಳಗೆ ಇದ್ರೆ ಒಳ್ಳೇದಲ್ವಾ ಅಂತ ಹೇಳ್ತಿದ್ದ” ಎಂದಳು. ಒಳಗೆ ಪರಿಚಯದವರಿದ್ದರೆ ಚಟ್ನಿ ಜಾಸ್ತಿ ಸಿಗುತ್ತದೆ ಎಂದು ನೀವು ತಿಳಿದಿರಿ. ನಾನೂ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕುಳಿತೆ. ಪಾಸಾಗಲಿ ಎಂದು ನನಗೂ ಆಸೆಯಿತ್ತು. ಅಣ್ಣನ ಮನೆಯ ಹಾಲ್‌ನಲ್ಲಿ ಮಲಗಿ ಸಾಕಾಗಿದೆ.

ಈ ಪರೀಕ್ಷೆ ಎಂದರೆ ಏನೆಂದು ನೀವು ಒಮ್ಮೆಯೂ ಕೇಳಿದವರಲ್ಲ. ಒಂದು ಜಾತಿಯ ಬ್ಯಾಕ್ಟೀರಿಯಾ ಇದೆ. ತನಗೆ ಬೇಕಾದ ಒಂದು ಪೋಷಕಾಂಶವನ್ನು ತಾನೇ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ, ಅಷ್ಟು ವರ್ಷ ಹೋಟೆಲಿನಲ್ಲಿದ್ದೂ ಚಹಾ ಮಾಡಲು ಬಾರದ ನಿಮ್ಮ ಹಾಗೆ. ಆ ಪೋಷಕಾಂಶ ಇಲ್ಲದ ತಟ್ಟೆಯಲ್ಲಿ ಬಿಟ್ಟರೆ ಅದು ಬೆಳೆಯುವುದಿಲ್ಲ. ಅದರ ಜೀನಿನಲ್ಲಿ ಬದಲಾವಣೆಯಾದರೆ ಮಾತ್ರ ಮತ್ತೆ ಬೆಳೆದು ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಒಂದಷ್ಟು ಚುಕ್ಕಿ ತಾನಾಗಿಯೇ ಬರುವುದುಂಟು. ಬಣ್ಣ ಹಾಕಿದ ತಟ್ಟೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಬಂದರೆ, ಆ ಬಣ್ಣ ಜೀನಿಗೆ ಪೆಟ್ಟು ಕೊಡುತ್ತದೆ ಎಂದು ಅರ್ಥ. ದೇಹದೊಳಗೆ ಹೋದದ್ದನ್ನು ಲಿವರ್ ಬದಲಾಯಿಸುವುದರಿಂದ ಇಲಿಯ ಲಿವರಿನ ರಸ ಬೆರೆಸಿಯೂ ನೋಡುತ್ತೇವೆ.

ಮೊದಲ ಪರೀಕ್ಷೆಯನ್ನು ನಾನೇ ಮಾಡಿದೆ. ನಿಮ್ಮ ಪುಡಿ ಕರಗುವ ಜಾತಿಯದಲ್ಲ. ತಟ್ಟೆಯ ತುಂಬ ಕಿತ್ತಳೆ ಕಣ. ಎಣಿಸುವ ಯಂತ್ರ ಕಣವನ್ನೂ ಚುಕ್ಕಿ ಎಂದೇ ಎಣಿಸಿತು. ಯಂತ್ರವನ್ನು ಬದಿಗಿಟ್ಟು ಕಣ್ಣಿನಿಂದಲೇ ಎಣಿಸಿದೆ. ಏನೂ ಹೆಚ್ಚಿರಲಿಲ್ಲ. ವರದಿ ನಿಮಗೆ ಬಂತು, ನೀವು ಪೇಡೆ ಹಂಚಿದಿರಿ. ಸೇವಂತಿ ನನಗೂ ಒಂದು ಡಬ್ಬಿ ತಂದಳು. ಅವಳ ಉಗುರಿನ ಸಂದುಗಳೆಲ್ಲ ಕಿತ್ತಳೆಯಾಗಿದ್ದವು. ಪುಡಿಯನ್ನು ಜರಡಿ ಹಿಡಿಯುವವಳು ಅವಳೇ ಎಂದು ನನಗೆ ಆಗ ತಿಳಿದದ್ದು. ಮುಖಕ್ಕೆ ಏನು ಕಟ್ಟಿಕೊಳ್ಳುತ್ತೀ ಎಂದು ಕೇಳಿದರೆ, “ಓಡ್ನಿ ಉಂಟಲ್ಲ ಅತ್ತಿಗೆ” ಎಂದಳು. ಪೇಡೆ ತಿಂದೆ. ರುಚಿಯಾಗಿಯೇ ಇತ್ತು.

ವಿಷಯ ಇಷ್ಟೇ. ನಿಮ್ಮದು ಅಜೋ ಎಂಬ ಜಾತಿಯ ಬಣ್ಣ. ಎರಡು ತುಂಡುಗಳನ್ನು ಒಂದು ಕೊಂಡಿ ಹಿಡಿದಿರುತ್ತದೆ. ಕೊಂಡಿ ಗಟ್ಟಿಯಾಗಿರುವವರೆಗೆ ಬಣ್ಣ ಸಾಧುವಾಗಿಯೇ ಕಾಣುತ್ತದೆ. ಹೊಟ್ಟೆಗೆ ಹೋದರೆ ಕರುಳಿನ ಬ್ಯಾಕ್ಟೀರಿಯಾ ಆ ಕೊಂಡಿಯನ್ನು ಕಳಚಬಹುದು, ಬಿಡಿಯಾದ ತುಂಡು ಅಪಾಯದ್ದಾಗಿರಬಹುದು. ಸಾಮಾನ್ಯ ಪರೀಕ್ಷೆಯಲ್ಲಿ ಕೊಂಡಿ ಕಳಚುವುದಿಲ್ಲ, ಆದ್ದರಿಂದ ಪಾಸು. ಇಂಥ ಬಣ್ಣಕ್ಕೆಂದೇ ಬೇರೆ ವಿಧಾನವಿದೆ. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಲಿವರ್ ರಸದಲ್ಲಿ, ಕೊಂಡಿ ಕಳಚುವ ಹಾಗೆ ಬಣ್ಣವನ್ನು ಸ್ವಲ್ಪ ಹೊತ್ತು ಇಟ್ಟು, ಆಮೇಲೆ ತಟ್ಟೆಗೆ ಹಾಕುತ್ತಾರೆ. ಮಕ್ಕಳು ಕ್ರೇಯಾನನ್ನು ಕಾಗದಕ್ಕೆ ಮಾತ್ರ ಹಚ್ಚುವುದಿಲ್ಲ, ಬಾಯಿಗೂ ಹಾಕುತ್ತಾರೆ.

ನಮ್ಮ ಮುಖ್ಯಸ್ಥರಾದ ಗುರುಪಾದ ಅವರ ಹತ್ತಿರ ಹೋಗಿ ಇದನ್ನೇ ಹೇಳಿದೆ. ವಿಜಯಪುರದ ಕಡೆಯವರು. “ಕಸ್ಟಮರ್ ಕೇಳಿದ್ದು ಒಂದ ಟೆಸ್ಟ್. ನಿನಗ್ಯಾಕ ಬೇಕವ್ವ ಈ ಉಸಾಬರಿ?” ಎಂದರು. ಬಹಳ ಹೊತ್ತು ಮಾತಾಯಿತು, ಕೊನೆಗೆ ಒಪ್ಪಿದರು. ಎರಡನೆಯ ಪರೀಕ್ಷೆಯನ್ನು ಮಾತ್ರ ನನಗೆ ಕೊಡದೆ ನಮಿತಾ ಎಂಬವಳಿಗೆ ಕೊಟ್ಟರು; ಅದು ಆಫೀಸಿನ ಲೆಕ್ಕಾಚಾರ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಮೇಲ್ ಬಂತು, ನೀವು ನಿಂತ ನಿಲುವಿನಲ್ಲೇ ಓಕೆ ಎಂದಿರಿ. ಓದಿರಲಿಲ್ಲ ತಾನೇ? ಇನ್ನೊಂದು ಪರೀಕ್ಷೆ ಎಂದರೆ ಇನ್ನೊಂದು ಮೊಹರು, ಎರಡು ಮೊಹರಿದ್ದರೆ ಪಾರ್ಟಿ ಖುಷಿ ಎಂದು ಸೇವಂತಿಗೆ ಹೇಳಿದಿರಂತೆ. ನಿಮಗೆ ಓದಿ ಹೇಳುವವರು ಯಾರೂ ಹತ್ತಿರ ಇರಲಿಲ್ಲ ಎಂದು ಬೇಸರವಾಯಿತು.

ನಮಿತಾ ತಟ್ಟೆಗಳ ಗುರುತು ಮುಚ್ಚಿಸಿ ಎಣಿಸಿದಳು. ಯಾವುದರಲ್ಲಿ ಬಣ್ಣ ಎಷ್ಟಿದೆ ಎಂದು ಅವಳಿಗೂ ತಿಳಿದಿರಲಿಲ್ಲ. ಸಂಶಯ ಬೇಡವೆಂದು ಇಡೀ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದಳು. ನಾನು ಅವಳ ಮೇಜಿನ ಹತ್ತಿರಕ್ಕೂ ಹೋಗಲಿಲ್ಲ. ಆದರೂ ಬಾಗಿಲಿನಿಂದಲೇ ಕಂಡಿತು. ಬಣ್ಣ ಏರಿದ ಹಾಗೆ ಚುಕ್ಕಿಯೂ ಏರಿತ್ತು. ಎಣಿಸಿಯೇ ತಿಳಿಯಬೇಕು ಎಂದಿರಲಿಲ್ಲ. ಆವತ್ತು ಲೋಕಲ್‌ನಲ್ಲಿ ಬೋರಿವಲಿ ದಾಟುವವರೆಗೂ ಅತ್ತೆ. ಪಕ್ಕದ ಹೆಂಗಸು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟಳು.

ಇದರಿಂದ ಯಾರಿಗೋ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಬ್ಯಾಕ್ಟೀರಿಯಾ ಬೇರೆ, ಮನುಷ್ಯರು ಬೇರೆ. ಆದರೆ ಮಕ್ಕಳ ಬಾಯಿಗೆ ಹೋಗುವ ವಸ್ತುವಿಗೆ ಇಷ್ಟು ಅನುಮಾನ ಸಾಕು. ಈಗ ನಿಮ್ಮ ಹತ್ತಿರ ಎರಡು ವರದಿಗಳಿವೆ. ಮೊದಲನೆಯದನ್ನು ಮಾತ್ರ ಕ್ರೇಯಾನ್ ಕಂಪನಿಗೆ ತೋರಿಸಿದರೆ ನಿಮ್ಮನ್ನು ಕೇಳುವವರಿಲ್ಲ. ಗಿರಾಕಿಯ ವಿಷಯವನ್ನು ನಾವು ಹೊರಗೆ ಹೇಳುವ ಹಾಗಿಲ್ಲ, ನಾನೂ ಹೇಳುವುದಿಲ್ಲ. ಆ ಆರ್ಡರಿನಿಂದ ಹಿಡಿದ ಮನೆಗೆ ನಾನು ಕಾಲಿಡುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಸೇವಂತಿಯನ್ನು ಮಾತ್ರ ನಾಳೆಯೇ ಜರಡಿಯಿಂದ ಎಬ್ಬಿಸಿ. ಅವಳು ತಾನಾಗಿ ಏಳುವವಳಲ್ಲ, ಅಣ್ಣ ಹೇಳಬೇಕು.

ಬೇರೆ ವಿಶೇಷವಿಲ್ಲ. ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಇಂತು,
ಪ್ರಫುಲ್ಲಾ

ತಾ. ಕ.: ಪರೀಕ್ಷೆ ನಮಿತಾಗೆ ಹೋದದ್ದು ಆಫೀಸಿನ ಲೆಕ್ಕಾಚಾರ ಎಂದು ಬರೆದೆ, ಪೂರ್ತಿ ಹಾಗಲ್ಲ. ಬರೀ ನಂಬರಿರುವ ಮಾಲು ಕ್ರೇಯಾನಿಗೆ ಹೋಗುತ್ತದೆಂದು ನಿನಗೆ ಹೇಗೆ ಗೊತ್ತು ಎಂದು ಗುರುಪಾದ ಅವರು ಕೇಳಿದರು. ನನ್ನ ಗಂಡನ ಮಾಲು ಎಂದೆ. ಮನೆಯವರ ಮಾಲನ್ನು ನಾವು ಮುಟ್ಟುವ ಹಾಗಿಲ್ಲ. ಮುಟ್ಟಿದ್ದಕ್ಕೆ ಮೆಮೋ ಬರುತ್ತದೆ. ಅವರು ಒಳ್ಳೆಯವರು, ನನ್ನನ್ನು ಪಾರು ಮಾಡಲು ನೋಡಿದರು. “ನೀವಿಬ್ಬರೂ ಬ್ಯಾರೆ ಆಗಿ ನಾಕ್ ವರ್ಷ ಆತಲ್ಲವ್ವ. ಈಗ ಏನೂ ಸಂಬಂಧ ಇಲ್ಲ ಅಂತ ಒಂದ್ ಮಾತು ಹೇಳಿಬಿಡು, ಟೆಸ್ಟೂ ನಿನ್ನ ಕಡೇನ ಇರತದ, ಮೆಮೋನೂ ಬರೂದಿಲ್ಲ” ಎಂದರು. ಮೆಮೋ ಬಂದಿದೆ. ಸಂಬಂಧ ಇದೆ ಎಂದೆ.